ಹನ್ನೆರಡು ಮೂಳೆಗಳ ಜೊತೆ ಹದಿನೈದು ಮೈಲಿ

ಕಾಶಿಗೆ ಹೋದವರು ಬರೆಯುತ್ತಾರೆ, ರಾಮೇಶ್ವರಕ್ಕೆ ಹೋದವರು ಬರೆಯುತ್ತಾರೆ. ಸೀಮೆಗೆ ಹೋಗಿ ಬಂದವರಂತೂ ಹಡಗಿನಲ್ಲಿ ವಾಂತಿ ಮಾಡಿಕೊಂಡದ್ದನ್ನೂ ಬಿಡದೆ ಬರೆಯುತ್ತಾರೆ. ನಾನು ಎತ್ತಿನ ಗಾಡಿಯಲ್ಲಿ ಯಶವಂತಪುರದಿಂದ ಚಿಕ್ಕಜಾಲಕ್ಕೆ ಹೋದೆ. ದೂರ ಹದಿನೈದು ಮೈಲಿ, ಹಿಡಿದದ್ದು ಎರಡು ದಿನ. ಓದುವವರು ನಕ್ಕರೆ ನಗಲಿ. ಕಾಶಿಗೆ ಹೋದವರು ಯಾರೂ ನಾನು ತಂದಂಥದ್ದನ್ನು ತರಲಿಲ್ಲ ಎಂಬ ಜಂಬ ನನಗೆ ಇಂದಿಗೂ ಇದೆ.

ಅರವತ್ತರ ಆಚೀಚೆಯ ಮಾತು. ಪೈಸೆಗೆ ಜನ ಇನ್ನೂ ‘ನಯಾ ಪೈಸೆ’ ಎನ್ನುತ್ತಿದ್ದರು. ನಾನು ಚಿಕ್ಕಜಾಲದ ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನದ ಟೀಚರು, ಮನೆ ಯಲಹಂಕದಲ್ಲಿ. ಶಾಲೆಯಲ್ಲಿ ವಿಜ್ಞಾನಕ್ಕೆಂದು ಇದ್ದದ್ದು ಒಂದು ಕಪ್ಪು ಹಲಗೆ, ಒಂದು ಒಡೆದ ಗಾಜಿನ ಜಾಡಿ. ಕಪ್ಪೆಯನ್ನೂ ನಾನು ಸೀಮೆಸುಣ್ಣದಲ್ಲೇ ಬರೆದು ತೋರಿಸಬೇಕಾಗಿತ್ತು.

ನನ್ನ ಜೊತೆ ಕಾಲೇಜಿನಲ್ಲಿ ಓದಿದ ಶ್ರೀಪಾದ ಕಲ್ಕತ್ತೆ ಸೇರಿ, ಕಲ್ಲಾದ ಮೂಳೆಗಳನ್ನು ಅಗೆದು ತೆಗೆದು ಅಭ್ಯಾಸ ಮಾಡುವ ಕೆಲಸ ಹಿಡಿದಿದ್ದರು. ಒಂದು ನದೀ ಕಣಿವೆಯಲ್ಲಿ ಅವರ ತಂಡಕ್ಕೆ ಡೈನೋಸಾರುಗಳ ಮೂಳೆ ಸಿಕ್ಕಿತ್ತು. ಒಂದೇ ಜಾತಿಯ ಮೂರು ಪ್ರಾಣಿ: ಒಂದು ಎಳೆಯ ಮರಿ, ಒಂದು ಅರೆ ಬೆಳೆದದ್ದು, ಒಂದು ಪೂರಾ ಬೆಳೆದದ್ದು. ಅವುಗಳ ಕಾಲಿನ ಮೂಳೆಗಳಿಗೆ ಅಚ್ಚು ತೆಗೆದು ಗಾರೆಯಲ್ಲಿ ಎರಕ ಹೊಯ್ದಿದ್ದರು. ನಾನು ನಾಚಿಕೆ ಬಿಟ್ಟು ಕಾಗದ ಬರೆದು ಒಂದು ಸೆಟ್ಟು ಕೇಳಿದೆ.

ಉತ್ತರ ಬಂತು. "ಕಳಿಸುತ್ತೇನೆ. ಪೆಟ್ಟಿಗೆ ಮುಟ್ಟಿದ ವಾರವೇ ಶನಿವಾರ ಬೆಳಗ್ಗೆ ನಾನು ನಿಮ್ಮ ಶಾಲೆಗೆ ಬಂದು ನೋಡುತ್ತೇನೆ. ಮೂಳೆಗಳನ್ನು ಸರಿಯಾಗಿ ವಿಂಗಡಿಸಿ, ಸರಿಯಾಗಿ ನಿಲ್ಲಿಸಿದ್ದರೆ ಸೆಟ್ಟು ಅಲ್ಲೇ ಇರಲಿ. ಇಲ್ಲದಿದ್ದರೆ ಪಟ್ಟಣದ ಒಂದು ಹೈಸ್ಕೂಲು ಕೇಳುತ್ತಿದೆ, ಅವರಿಗೆ ಕೊಡುತ್ತೇನೆ. ಮೂರೂ ಹಿಂಗಾಲ ಮೇಲೆ ನಿಲ್ಲುವಂಥವು. ಮರಿ ಎಂದರೆ ತಾಯಿಯದೇ ಸಣ್ಣ ರೂಪ." ಕೆಳಗೆ ಬೆಳೆದ ಪ್ರಾಣಿಯ ಒಂದು ಚಿತ್ರ: ಎರಡು ಕಾಲ ಮೇಲೆ ನಿಂತ ಮೈ, ಹಿಂದಕ್ಕೆ ಚಾಚಿದ ಉದ್ದನೆಯ ಬಾಲ. ಆ ಕಾಗದವನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಪೆಟ್ಟಿಗೆ ಯಶವಂತಪುರದ ಗೂಡ್ಸ್ ಶೆಡ್ಡಿಗೆ ಬಂದು ಇಳಿದಿತ್ತು. ಮುಂದಕ್ಕೂ ರೈಲಿನಲ್ಲೇ ಕಳಿಸಬಹುದಾಗಿತ್ತು. ಆದರೆ ಯಲಹಂಕದಲ್ಲಿ ಇಳಿಸಿ, ದೇವನಹಳ್ಳಿ ಕಡೆಯ ಸಣ್ಣ ರೈಲಿಗೆ ಹತ್ತಿಸಿ, ಮತ್ತೆ ಇಳಿಸಬೇಕು. ಅಷ್ಟರಲ್ಲಿ ಮೂಳೆ ಹೋಗಿ ಸುಣ್ಣದ ಪುಡಿಯಾಗುತ್ತದೆ ಎಂದು ನನಗೆ ದಿಗಿಲು. ಹಾಗಾಗಿ ಯಲಹಂಕದ ಪಿಳ್ಳಪ್ಪನ ಗಾಡಿ ಗೊತ್ತು ಮಾಡಿದೆ. ಪಿಳ್ಳಪ್ಪನಿಗೆ ಐವತ್ತರ ಮೇಲೆ ವಯಸ್ಸು, ತರಕಾರಿ ಹೇರಿಕೊಂಡು ಪಟ್ಟಣಕ್ಕೆ ಹೋಗಿ ಬಂದು ಆ ರಸ್ತೆಯ ಗುಂಡಿಗುಂಡಿಯೂ ಗೊತ್ತಿದ್ದ ಮನುಷ್ಯ. ಬಾಡಿಗೆ ಎಂಟು ರೂಪಾಯಿ, ದಾರಿಯಲ್ಲಿ ಕಾಫಿ ತಿಂಡಿ ನನ್ನದು.

ಗುರುವಾರ ಬೆಳಗ್ಗೆ ಎಂಟಕ್ಕೆ ಶೆಡ್ಡಿನ ಮುಂದೆ ನಿಂತೆವು. ಧನುರ್ಮಾಸದ ಚಳಿ, ಮಂಜು ಇನ್ನೂ ಹರಿದಿರಲಿಲ್ಲ. ಪೆಟ್ಟಿಗೆ ಗಾಡಿಯ ಅಗಲಕ್ಕೆ ಹಿಡಿಸಲಿಲ್ಲ. ಮುಚ್ಚಳ ಕಿತ್ತು ಮೂಳೆಗಳನ್ನು ಒಂದೊಂದಾಗಿ ತೆಗೆದು ಹುಲ್ಲಿನ ಮೇಲೆ ಮಲಗಿಸಿದೆವು. ಒಟ್ಟು ಹನ್ನೆರಡು. ಒಂದೊಂದು ಪ್ರಾಣಿಗೆ ನಾಲ್ಕು: ತೊಡೆಯದು, ಅದರ ಕೆಳಗಿನದು, ತೋಳಿನದು, ಮುಂಗೈಯದು. ಒಂದೊಂದರ ಮೇಲೂ ಅದು ಯಾವ ಮೂಳೆ, ಯಾವ ಪ್ರಾಣಿಯದು ಎಂದು ಶ್ರೀಪಾದ ಕನ್ನಡದಲ್ಲಿ ಬರೆದ ಚೀಟಿ ಅಂಟಿಸಿತ್ತು. ಎಲ್ಲವನ್ನೂ ಸೇರಿಸಿದ ಪಟ್ಟಿಯೊಂದನ್ನು ಅತಿ ದೊಡ್ಡ ತೊಡೆಮೂಳೆಗೆ ಸುತ್ತಿ ಅಂಟಿಸಿದ್ದರು.

"ಇದು ಯಾವ್ ದನದ್ದು ಟೀಚರಮ್ಮ?" ಎಂದು ಪಿಳ್ಳಪ್ಪ ಕೇಳಿದ.

"ದನ ಅಲ್ಲ ಪಿಳ್ಳಪ್ಪ. ಕೋಟಿಗಟ್ಟಲೆ ವರ್ಷದ ಹಿಂದೆ ಇದ್ದ ಪ್ರಾಣಿ. ಓತಿಕ್ಯಾತದ ಕಡೆಯ ನಂಟು ಅಂತ ಇಟ್ಕೋ."

ಅವನು ದೊಡ್ಡ ಮೂಳೆಯನ್ನು ಎರಡು ಕೈಯಲ್ಲಿ ಎತ್ತಿ ತೂಗಿದ. "ಓತಿಕ್ಯಾತ ಇಷ್ಟುದ್ದ ಇದ್ರೆ ಬೇಲಿ ಎಷ್ಟುದ್ದ ಇದ್ದಿರ್ಬೇಕು!" ಎಂದ.

ಗಂಗೇನಹಳ್ಳಿಯ ಬಳಿ ಬಳ್ಳಾರಿ ರಸ್ತೆ ಸೇರುವಾಗ ಬಿಸಿಲು ಬಂದಿತ್ತು. ಎರಡೂ ಕಡೆ ದೊಡ್ಡ ಮರಗಳ ನೆರಳು. ಎತ್ತುಗಳ ಹೆಸರು ಕೆಂಚ, ಗೌರ. ಇನ್ನೂ ನಾಲ್ಕು ಹಲ್ಲಿನವು, ಮೈಯಲ್ಲಿ ಹುರುಪು ಜಾಸ್ತಿ, ಬುದ್ಧಿ ಅಷ್ಟಕ್ಕಷ್ಟೆ. ಹಿಂದಿನಿಂದ ಬಸ್ಸು ಹಾರನ್ ಹೊಡೆದರೆ ಬೆಚ್ಚುತ್ತಿದ್ದವು, ನನ್ನ ಕೈ ತಾನಾಗಿ ಮೂಳೆಗಳ ಮೇಲೆ ಹೋಗುತ್ತಿತ್ತು.

ಹೆಬ್ಬಾಳದ ಕೆರೆ ಏರಿಯ ಬಳಿ ಹನ್ನೊಂದಕ್ಕೆ ಗಾಡಿ ಬಿಟ್ಟೆವು. ಅಲ್ಲೊಂದು ತಗಡಿನ ಹೋಟೆಲು. ಇಡ್ಲಿಗೆ ಅವರೆಕಾಳಿನ ಸಾಂಬಾರು, ಬಿಸಿ ಬಿಸಿ ಕಾಫಿ. ಪಿಳ್ಳಪ್ಪ ಎತ್ತುಗಳ ಕೊರಳು ಬಿಚ್ಚಿ ನೀರು ಕುಡಿಸಿ ತಂದ. ಮೇವು ತರಲು ಮರೆತಿದ್ದ.

"ಬೇಲೀ ಸೊಪ್ಪಾದ್ರೂ ಕಿತ್ಕೊಂಡು ಬರ್ತೀನಿ, ಒಸಿ ಒತ್ತು ಇರಿ" ಎಂದ.

ಹೊತ್ತು ಮೀರುತ್ತಿತ್ತು. ನನ್ನದು ಮೊದಲಿಂದಲೂ ಅವಸರದ ಸ್ವಭಾವ. "ಗಾಡೀಲಿ ಇಷ್ಟು ಹುಲ್ಲಿದೆ, ಮೇಲಿನದು ಸ್ವಲ್ಪ ತಿನ್ನಲಿ ಬಿಡು" ಎಂದೆ. ಆ ಮಾತು ಆಡಿದ್ದು ನಾನೇ, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಪಿಳ್ಳಪ್ಪ ಎರಡೂ ಎತ್ತನ್ನು ಗಾಡಿಯ ಹಿಂಭಾಗಕ್ಕೆ ಕಟ್ಟಿದ. ನಾವು ಹೋಟೆಲಿನ ಬೆಂಚಿನ ಮೇಲೆ ಎರಡನೆಯ ಕಾಫಿ ಕುಡಿದೆವು.

ಹಿಂತಿರುಗಿ ನೋಡಿದರೆ ಕೆಂಚ ಅತಿ ದೊಡ್ಡ ತೊಡೆಮೂಳೆಯನ್ನು ನೆಕ್ಕುತ್ತಿತ್ತು. ಗೌರನ ಬಾಯಿಂದ ಒಂದು ಕಾಗದದ ಚೂರು ನೇತಾಡುತ್ತಿತ್ತು, ಅದರ ಮೇಲೆ ‘ಮುಂ’ ಎಂಬ ಒಂದಕ್ಷರ ಉಳಿದಿತ್ತು. ನಾನು ಓಡಿ ಹೋಗಿ ಕಿತ್ತುಕೊಳ್ಳುವಷ್ಟರಲ್ಲಿ ಅದನ್ನೂ ನುಂಗಿತು. ಕಲ್ಕತ್ತೆಯವರು ಚೀಟಿಗಳನ್ನು ಹಿಟ್ಟಿನ ಗಂಜಿಯಲ್ಲಿ ಅಂಟಿಸಿದ್ದರು. ರೈಲಿನಲ್ಲಿ ಎಂಟು ದಿನ ಕೂತು ಹುಳಿ ಬಂದ ಗಂಜಿ ಎತ್ತಿಗೆ ಎಷ್ಟು ರುಚಿಯಾಗಿತ್ತೋ, ಹನ್ನೆರಡು ಚೀಟಿಯಲ್ಲಿ ಒಂದೂ ಉಳಿದಿರಲಿಲ್ಲ. ಪಟ್ಟಿಯೂ ಹೋಗಿತ್ತು.

ನಾನು ಕೆರೆ ಏರಿಯ ಮೇಲೆ ಕೂತುಬಿಟ್ಟೆ. ಅಳು ಬಂತು, ಅತ್ತೆ. ಪಿಳ್ಳಪ್ಪ ಸ್ವಲ್ಪ ದೂರ ನಿಂತು ತಲೆ ಕೆರೆದುಕೊಂಡ.

"ಒಡೀರಿ ನನ್ನ" ಎಂದ.

"ನಿನ್ನ ಯಾಕೆ ಹೊಡೀಲಿ? ತಿನ್ನಲಿ ಬಿಡು ಅಂದೋಳು ನಾನು."

"ಅಂಗಾದ್ರೆ ಎದ್ದೇಳಿ. ಚೀಟಿ ತಾನೆ ಓಗಿದ್ದು, ಮೂಳೆ ಇದೆಯಲ್ಲ."

ಮಾತು ಸರಿಯಾಗಿತ್ತು. ಮುಖ ತೊಳೆದುಕೊಂಡು ಗಾಡಿ ಹತ್ತಿದೆ. ದಾರಿಯುದ್ದಕ್ಕೂ ಮೂಳೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಸೀರೆಯ ಸೆರಗಿನಿಂದ ಉದ್ದ ಅಳೆದೆ. ಬೆಳೆದ ಪ್ರಾಣಿಯದು ಕಷ್ಟವಾಗಲಿಲ್ಲ: ಅತಿ ದೊಡ್ಡ ಎರಡು ಮೂಳೆ ಹಿಂಗಾಲಿನವು, ಚಿತ್ರದಲ್ಲಿ ಕಂಡಂತೆ ಮುಂದಿನವು ಅದರ ಅರ್ಧದಷ್ಟು. ಮರಿ ತಾಯಿಯದೇ ಸಣ್ಣ ರೂಪ ಎಂದು ಶ್ರೀಪಾದ ಬರೆದಿದ್ದರಲ್ಲ, ಉಳಿದ ಎರಡಕ್ಕೂ ಅದೇ ಲೆಕ್ಕ ಹಾಕಿದೆ. ಹೊಂದಲಿಲ್ಲ. ಸಣ್ಣ ಮೂಳೆಗಳಲ್ಲಿ ಎರಡು ಹೆಚ್ಚುಕಡಿಮೆ ಒಂದೇ ಉದ್ದವಿದ್ದವು. ಒಂದನ್ನು ಮರಿಯ ತೊಡೆ ಎಂದರೆ ಇನ್ನೊಂದು ಯಾರ ಪಾಲಿಗೂ ಸಲ್ಲದೆ ಉಳಿಯುತ್ತಿತ್ತು.

ಕೊಡಿಗೇಹಳ್ಳಿ ದಾಟಿದ ಮೇಲೆ ರೈತರು ಹುರುಳಿ ಗಿಡವನ್ನು ಟಾರು ರಸ್ತೆಗೆ ಹರಡಿದ್ದರು. ಲಾರಿ ಬಸ್ಸಿನ ಗಾಲಿಯಿಂದ ಪುಕ್ಕಟೆ ಒಕ್ಕಣೆ. ನಮ್ಮ ಗಾಡಿಯೂ ಅದರ ಮೇಲೆ ಹಾದು ತನ್ನ ಪಾಲಿನ ಸೇವೆ ಮಾಡಿತು. ಜಕ್ಕೂರಿನ ವಿಮಾನದ ಬಯಲ ಬಳಿ ಕಲಿಯುವವರ ಪುಟ್ಟ ವಿಮಾನವೊಂದು ತಲೆಯ ಮೇಲೆಯೇ ಇಳಿದು ಹೋಯಿತು. ಎತ್ತುಗಳು ಬೆದರಿ ಗಾಡಿಯನ್ನು ಹೊಲದ ಕಡೆಗೆ ಎಳೆದವು. ನಾನು ಮೂಳೆಗಳ ಮೇಲೆ ಅಡ್ಡ ಬಿದ್ದೆ, ಮೊಣಕೈ ತರಚಿತು, ಮೂಳೆಗೆ ಏನೂ ಆಗಲಿಲ್ಲ. ಜಕ್ಕೂರಿನಿಂದ ಯಲಹಂಕದವರೆಗೆ ನಾನು ಒಂದು ಮಾತನ್ನೂ ಆಡಲಿಲ್ಲ ಎಂದು ಪಿಳ್ಳಪ್ಪ ಆಮೇಲೆ ಊರೆಲ್ಲ ಹೇಳಿಕೊಂಡು ಬಂದ, ಅದೇ ದೊಡ್ಡ ಸುದ್ದಿ ಎಂಬಂತೆ.

ಊರು ಸೇರುವಾಗ ನಾಲ್ಕು ಗಂಟೆ. ಗಾಡಿ ನಮ್ಮ ಮನೆಯ ಕಡೆ ತಿರುಗಲಿಲ್ಲ. ಪಿಳ್ಳಪ್ಪ ಅದನ್ನು ಸಂತೆ ಬಯಲಿನ ಹುಣಸೆ ಮರದ ಕೆಳಕ್ಕೆ ಹೊಡೆದ.

"ಇಲ್ಲಿಗ್ಯಾಕೆ?"

"ದಸ್ತಗೀರ್ ಸಾಬ್ರು ಒಂದ್ಸಲ ನೋಡ್ಲಿ. ಕಾಲಿನ ವಿಸ್ಯ ಅಲ್ವಾ?"

ದಸ್ತಗೀರ್ ಸಾಬರು ಎತ್ತುಗಳಿಗೆ ಲಾಳ ಹೊಡೆಯುವವರು. ಕಾಲು ಉಳುಕಿದ ದನಕ್ಕೆ ಅವರೇ ಎಳೆದು ಕೂರಿಸಬೇಕು, ಮುರಿದ ಕಾಲಿಗೆ ಬಿದಿರಿನ ದಬ್ಬೆ ಕಟ್ಟಬೇಕು. ಸುತ್ತ ಹತ್ತು ಹಳ್ಳಿಯಲ್ಲಿ ಎತ್ತು ಕೊಳ್ಳುವವರು ಮೊದಲು ಅವರನ್ನು ಕರೆದು ಕಾಲು ತೋರಿಸುತ್ತಿದ್ದರು. ಅರವತ್ತು ದಾಟಿದ ತೆಳ್ಳನೆಯ ಮನುಷ್ಯ, ಮಾತು ಮೆಲ್ಲಗೆ. ಅವರಿಗೆ ಇದೆಲ್ಲ ಏನು ಗೊತ್ತಾದೀತು ಎಂದು ನನ್ನ ಬಿ.ಎಸ್ಸಿ. ತಲೆ ಒಳಗೊಳಗೇ ಮೂಗು ಮುರಿಯಿತು. ಅದನ್ನೂ ಬರೆದುಬಿಡುತ್ತೇನೆ.

ಅವರು ಕೈ ತೊಳೆದು ಬಂದರು. ಮೂಳೆಗಳನ್ನು ಚಾಪೆಯ ಮೇಲೆ ಇಡಿಸಿದರು. ಆಮೇಲೆ ಕಣ್ಣು ಮುಚ್ಚಿಕೊಂಡರು.

"ಕಣ್ಣು ಯಾಕೆ ಮುಚ್ತೀರಿ ಸಾಬ್ರೇ?" ಎಂದೆ.

"ಕಣ್ಣಿಗೆ ಉದ್ದ ಗಿಡ್ಡ ಕಾಣ್ತದೆ ಅಮ್ಮ. ಗಿಣ್ಣಿನ ವಯಸ್ಸು ಕೈಗೇ ತಿಳಿಯೋದು."

ಒಂದೊಂದು ಮೂಳೆಯ ತುದಿಯನ್ನೂ ಹೆಬ್ಬೆರಳಿನಿಂದ ತೀಡಿ ನೋಡಿದರು. ಎಳೆ ಮೂಳೆಯ ತುದಿ ಒರಟೊರಟು, ಇನ್ನೂ ಕಟ್ಟಿ ಮುಗಿಯದ ಹಾಗೆ. ಬಾಯಿಗೂಡಿದ ಎತ್ತಿನದು, ಅಂದರೆ ಹಲ್ಲೆಲ್ಲ ಬಂದು ಬಲಿತ ಎತ್ತಿನದು, ನಯವಾಗಿ ಗುಂಡಗೆ. ಹಾಗೆ ತೀಡುತ್ತಾ ಹನ್ನೆರಡನ್ನೂ ಮೂರು ಗುಂಪು ಮಾಡಿದರು. ಒಂದೊಂದು ಗುಂಪಿನಲ್ಲಿ ಸರಿಯಾಗಿ ನಾಲ್ಕು ನಾಲ್ಕು! ನಾನು ಸೆರಗಿನಲ್ಲಿ ಅಳೆದು ಅಳೆದು ಸುಸ್ತಾದದ್ದು ಅರ್ಧ ಗಂಟೆಯಲ್ಲಿ ಮುಗಿಯಿತು. ಯಾರ ಪಾಲಿಗೂ ಸಲ್ಲದೆ ಉಳಿದಿದ್ದ ಮೂಳೆ ಮರಿಯ ತೋಳಿನದು. ಅದು ಅದರ ತೊಡೆಯಷ್ಟೇ ಉದ್ದವಿತ್ತು.

ಆಮೇಲೆ ಸಾಬರು ಮರಿಯ ನಾಲ್ಕು ಮೂಳೆಗಳನ್ನು ಮುಂದಿಟ್ಟುಕೊಂಡು ಒಂದೊಂದರ ನಡುವನ್ನೂ ಬೆರಳಿನಿಂದ ಸುತ್ತಿ ಹಿಡಿದು ನೋಡಿದರು.

"ಅಮ್ಮ, ಇದು ನಾಲ್ಕು ಕಾಲಲ್ಲಿ ಓಡಾಡಿದೆ."

"ಇಲ್ಲ ಸಾಬ್ರೇ, ಎರಡು ಕಾಲಿನದು. ಮೂರೂ ಎರಡು ಕಾಲಿನವೇ. ಕಲ್ಕತ್ತೆಯವರು ಬರೆದಿದ್ದಾರೆ."

"ದೊಡ್ಡದು ಎರಡು ಕಾಲಿನದೇ. ನೋಡಿ, ಅದರ ಹಿಂಗಾಲು ಎಷ್ಟು ದಪ್ಪ, ಮುಂಗಾಲು ಎಷ್ಟು ಸಣ್ಣ. ಮುಂಗಾಲು ಕೆಲಸ ಬಿಟ್ಟು ಪಿಂಚಣಿ ತಗೊಂಡಿದೆ. ಮರೀದು ಹಿಂದೂ ಮುಂದೂ ಒಂದೇ ದಪ್ಪ. ನಾಲ್ಕೂ ಸಮವಾಗಿ ಭಾರ ಹೊತ್ತಿವೆ. ನಡುವಿನದು ಇತ್ತ ಕಡೆಗೂ ಇಲ್ಲ, ಅತ್ತ ಕಡೆಗೂ ಇಲ್ಲ. ಎದ್ದು ನಿಲ್ಲೋದು ಕಲೀತಾ ಇತ್ತು ಅಂತ ಕಾಣ್ತದೆ."

"ಓದಿದವರು ಬರೆದದ್ದು ಸುಳ್ಳಾ ಹಾಗಾದ್ರೆ?"

"ಸುಳ್ಳು ಅನ್ನಲ್ಲ. ಅವರು ದೊಡ್ಡೋರು. ಆದ್ರೆ ನನ್ನ ಕಸುಬಿನಲ್ಲಿ ಒಂದು ಕಂಡಿದ್ದೀನಿ. ಎತ್ತು ಮಾರೋನು ಸುಳ್ಳು ಹೇಳ್ತಾನೆ, ಕೊಳ್ಳೋನು ಸುಳ್ಳು ಹೇಳ್ತಾನೆ. ಕಾಲು ಹೇಳಲ್ಲ."

ಪಿಳ್ಳಪ್ಪ ಬೀಡಿ ಹಚ್ಚುತ್ತಾ ಹೇಳಿದ: "ನಮ್ ಮಕ್ಳು ಅಂಬೆಗಾಲಿಕ್ಕಿ ಆಮೇಲೆ ತಾನೆ ಎದ್ದು ನಿಲ್ಲೋದು? ಇದೂ ಅಂಗೇ."

ಕೊನೆಗೆ ಸಾಬರು ಒಂದೇ ಒಂದು ಪ್ರಶ್ನೆ ಕೇಳಿದರು. "ಇದಕ್ಕೆ ಗೊರಸು ಇತ್ತಾ ಅಮ್ಮ?" ಉಗುರು ಇತ್ತು ಎಂದೆ. "ಹಾಗಾದ್ರೆ ನನಗೆ ಗಿರಾಕಿ ಅಲ್ಲ ಬಿಡಿ" ಎಂದು ನಕ್ಕು ಎದ್ದರು. ಶನಿವಾರ ನೀವೂ ಬರಬೇಕು ಎಂದು ಒತ್ತಾಯ ಮಾಡಿದೆ. ಶುಕ್ರವಾರ ಜುಮ್ಮಾ ನಮಾಜು ಬಿಟ್ಟು ಎಲ್ಲಿಗೂ ಬರಲಾರೆ, ಶನಿವಾರ ಮೊದಲ ಬಸ್ಸಿಗೆ ಬರುತ್ತೇನೆ ಎಂದರು. ಮೂಳೆಗಳ ಮೇಲೆ ಇದ್ದಿಲಿನಿಂದಲೇ ಗುರುತು ಹಾಕಿ ನಮ್ಮ ಮನೆಯ ನಡುಮನೆಯಲ್ಲಿ ಇಡಿಸಿದೆ.

ಶುಕ್ರವಾರ ಬೆಳಗ್ಗೆ ಆರೂವರೆಗೆ ಹೊರಟೆವು. ಬಾಗಲೂರು ಕ್ರಾಸಿನಲ್ಲಿ ಬಿಸಿ ಬಿಸಿ ಬೋಂಡ ತಿಂದೆವು. ರಾಗಿ ಕೊಯ್ದ ಹೊಲಗಳಲ್ಲಿ ಮೆದೆಗಳು ಎದ್ದಿದ್ದವು, ಅವರೆ ಹೂವಿನ ಸೊಗಡು ರಸ್ತೆಯವರೆಗೂ ಬರುತ್ತಿತ್ತು. ಹುಣಸಮಾರನಹಳ್ಳಿಯ ಬಳಿ ಪಿಳ್ಳಪ್ಪ ಗಾಡಿ ನಿಲ್ಲಿಸಿ ಇಳಿದ. ಎತ್ತುಗಳು ಕುತ್ತಿಗೆ ಬಗ್ಗಿಸಿಕೊಂಡು ಎಳೆಯುತ್ತಿದ್ದವು.

"ಮುಂಭಾರ ಆಗ್ಯದೆ" ಎಂದು ಭಾರದ ಮೂಳೆಗಳನ್ನು ಹಿಂದಕ್ಕೆ ಸರಿಸಿದ. ಮತ್ತೆ ಹತ್ತು ಗಜ ಹೋಗುವಷ್ಟರಲ್ಲಿ ನೊಗ ಎತ್ತುಗಳ ಕುತ್ತಿಗೆಯಿಂದ ಮೇಲಕ್ಕೆದ್ದಿತು. "ಈಗ ಇಂಭಾರ" ಎಂದು ಒಂದು ಮೂಳೆಯನ್ನು ಗೇಣಷ್ಟು ಮುಂದಕ್ಕೆ ತಂದ. ಗಾಡಿ ಹಗುರವಾಗಿ ಹೊರಟಿತು.

ನನಗೆ ಏನೋ ಹೊಳೆಯಿತು. "ಪಿಳ್ಳಪ್ಪ, ಮರಿ ನಾಲ್ಕು ಕಾಲಲ್ಲಿ ಇದ್ದದ್ದು ಬೆಳೆದ ಮೇಲೆ ಎರಡು ಕಾಲಿಗೆ ಯಾಕೆ ಬಂತು?"

"ಅದೇನು ಕಷ್ಟ? ಗಾಡೀಗೂ ಎರಡೇ ಕಾಲು ಅಲ್ವಾ, ಗಾಲಿ? ಯಾವ್ ಮರಿ ನೋಡಿದ್ರೂ ಉಟ್ಟಿದಾಗ ತಲೆ ದಪ್ಪ, ಬಾಲ ಒಂದಿಷ್ಟು. ಮುಂಭಾರ. ಮುಂದೆ ಊರುಗೋಲು ಕೊಡದಿದ್ರೆ ಮೂತಿ ನೆಲಕ್ಕೆ ಬೀಳ್ತದೆ. ಅದಕ್ಕೇ ಕೈ ಊರ್ತು. ಆಮೇಲೆ ಬಾಲ ಬೆಳೀತು, ನೀವು ಚಿತ್ರದಲ್ಲಿ ತೋರಿಸಿದ್ರಲ್ಲ, ಅಷ್ಟುದ್ದ. ಇಂದಕ್ಕೆ ಭಾರ ಬಂತು, ಸಮತೂಕ ಆಯ್ತು, ಕೈ ಎತ್ತಿಕೊಳ್ತು."

ನಾನು ಬಿ.ಎಸ್ಸಿ. ಓದಿದವಳು. ತುಲಾಯಂತ್ರದ ಸೂತ್ರವನ್ನು ಪ್ರತಿ ವರ್ಷ ಮಕ್ಕಳಿಗೆ ಉರು ಹೊಡೆಸುತ್ತಿದ್ದವಳು. ಆ ಸೂತ್ರದ ಮೇಲೆಯೇ ಎರಡು ದಿನದಿಂದ ಕೂತು ಬರುತ್ತಿದ್ದೇನೆಂದು ನನಗೆ ತಿಳಿದಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಾಯಿತು. ಈ ಇಬ್ಬರೂ ನಮ್ಮೂರಿನವರು ಎಂದು ಎದೆ ಉಬ್ಬಿತು.

ಹನ್ನೊಂದಕ್ಕೆ ಚಿಕ್ಕಜಾಲ ಸೇರಿದೆವು. ಒಂದು ಮೂಳೆಯೂ ಬಿರುಕು ಬಿಟ್ಟಿರಲಿಲ್ಲ. ಏಳನೆಯ ತರಗತಿಯ ಕೋಣೆಯ ಉದ್ದ ಗೋಡೆ ನಮಗಾಗಿ ಸುಣ್ಣ ಬಳಿದು ಸಿದ್ಧವಾಗಿತ್ತು. ಅದರ ಮೇಲೆ ಇದ್ದಿಲಿನಲ್ಲಿ ಮೂರು ಪ್ರಾಣಿಗಳ ಆಕಾರ ಬರೆದು, ಬಿದಿರಿನ ಗಳ, ಮೊಳೆ, ತೆಂಗಿನ ಹುರಿಯ ಆಸರೆ ಕೊಟ್ಟು ಮೂಳೆಗಳನ್ನು ಅವುಗಳ ಜಾಗದಲ್ಲಿ ಕಟ್ಟುವುದು ನನ್ನ ಯೋಚನೆ. ದೊಡ್ಡದನ್ನು ಬರೆದು ಮುಗಿಸಿದೆ. ಮರಿಯ ಸರದಿ ಬಂದಾಗ ಇದ್ದಿಲು ಹಿಡಿದ ಕೈ ನಿಂತಿತು.

ನಮ್ಮ ಹೆಡ್‌ಮಾಸ್ಟರು ನರಸಿಂಹಯ್ಯನವರು ಒಳ್ಳೆಯವರು, ಅಂಜುಬುರುಕರು. ನಾನು ನಡೆದದ್ದೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಅಲ್ಲಮ್ಮ, ದೊಡ್ಡವರು ಕಾಗದದಲ್ಲಿ ಬರೆದಿದ್ದಾರೆ. ಅವರು ಬರೆದ ಹಾಗೆ ಎರಡು ಕಾಲಲ್ಲಿ ನಿಲ್ಲಿಸಿಬಿಡಿ. ಮೂಳೆ ನಮಗೆ ಉಳಿಯುತ್ತೆ. ಲಾಳ ಹೊಡೆಯೋ ಸಾಬರ ಮಾತು ಕೇಳಿ ನಿಲ್ಲಿಸಿದಿರಿ ಅಂತ ಗೊತ್ತಾದರೆ ಅವರು ಏನಂದುಕೊಳ್ಳೋದಿಲ್ಲ? ಮಕ್ಕಳ ಬಾಯಿಗೆ ಬಿದ್ದ ತುತ್ತು ಅಮ್ಮ ಇದು."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಒಡೆದ ಜಾಡಿ ಅಲ್ಲೇ ಮೂಲೆಯಲ್ಲಿತ್ತು. ಇನ್ನೂ ಎಷ್ಟು ವರ್ಷ ಈ ಮಕ್ಕಳಿಗೆ ಕಪ್ಪೆಯನ್ನು ಸೀಮೆಸುಣ್ಣದಲ್ಲಿ ಬರೆದು ತೋರಿಸಲಿ? ಶ್ರೀಪಾದರು ಒಂದು ಮಾತು ಬೇಡ ಎಂದರೆ ಸೆಟ್ಟು ಸಂಜೆಯೊಳಗೆ ಪಟ್ಟಣ ಸೇರುತ್ತದೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಪಿಳ್ಳಪ್ಪ ಬಾಗಿಲಲ್ಲಿ ಹುರಿ ಹೊಸೆಯುತ್ತಾ ಕೂತಿದ್ದ. ಮರಿಯ ತೋಳುಮೂಳೆಯನ್ನು ನಾನೇ ಎತ್ತಿಕೊಂಡು ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ತೀಡಿದೆ, ತೊಡೆಮೂಳೆಯನ್ನೂ ತೀಡಿದೆ. ನಿಜಕ್ಕೂ ಎರಡೂ ಒಂದೇ ದಪ್ಪ. ನನಗೆ ನಿಜ ಎಂದು ತಿಳಿದದ್ದನ್ನು ಬಿಟ್ಟು ಬೇರೆ ನಿಲ್ಲಿಸಿದರೆ, ಮೂಳೆ ಉಳಿದರೂ ಅದರ ಮುಂದೆ ನಿಂತು ಪಾಠ ಹೇಳುವುದು ಹೇಗೆ? ಮರಿಯನ್ನು ನಾಲ್ಕು ಕಾಲಿನ ಮೇಲೆ ಬರೆದೆ. ನಡುವಿನದನ್ನು ಮುಂಗಾಲು ನೆಲದಿಂದ ಆಗ ತಾನೆ ಎತ್ತುತ್ತಿರುವಂತೆ ಬರೆದೆ. ಪಿಳ್ಳಪ್ಪ ಎದ್ದು ಬಂದು ಹುರಿ ಕಟ್ಟಿದ. ನರಸಿಂಹಯ್ಯನವರು ನಿಟ್ಟುಸಿರು ಬಿಟ್ಟು ಮೊಳೆ ಹುಡುಕಿ ತಂದುಕೊಟ್ಟರು. ಐದು ಗಂಟೆಯ ಬಸ್ಸಿಗೆ ನಾನು ಮನೆಗೆ ಹೋದೆ, ಪಿಳ್ಳಪ್ಪ ಎತ್ತುಗಳ ಜೊತೆ ಶಾಲೆಯಲ್ಲೇ ಉಳಿದ.

ಶನಿವಾರ ಮೊದಲ ಬಸ್ಸಿಗೆ ನಾನೂ ಸಾಬರೂ ಬಂದೆವು. ಟಿಕೆಟ್ಟು ತಲೆಗೆ ಇಪ್ಪತ್ತೈದು ಪೈಸೆ. ಸಾಬರು ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿದ್ದರು. ಒಂಬತ್ತಕ್ಕೆ ಶ್ರೀಪಾದ ಬಸ್ಸಿನಿಂದ ಇಳಿದರು. ಸ್ವಲ್ಪ ದಪ್ಪವಾಗಿದ್ದರು, ಮೀಸೆ ಬಿಟ್ಟಿದ್ದರು, ಷೂಸಿಗೆ ಪಾಲಿಷು. "ಏನ್ರೀ ಲಲಿತಾ, ಇಷ್ಟು ದೂರ ಎಳೆಸಿಬಿಟ್ರಲ್ಲ!" ಎಂದು ನಗುತ್ತಾ ಒಳಗೆ ಬಂದರು. ಗೋಡೆಯನ್ನು ನೋಡಿದ ಕೂಡಲೇ ನಗು ನಿಂತಿತು.

"ಇದನ್ನು ಯಾರು ಹೀಗೆ ನಿಲ್ಲಿಸಿದ್ದು?"

"ನಾನು" ಎಂದೆ. ಚೀಟಿಗಳು ಎತ್ತಿನ ಹೊಟ್ಟೆ ಸೇರಿದ್ದನ್ನೂ ಬಿಡದೆ ಹೇಳಿದೆ.

ಅವರು ಕೋಟು ತೆಗೆದು ಕುರ್ಚಿಗೆ ಹಾಕಿ, ಒಂದೊಂದು ಮೂಳೆಯ ಬಳಿಯೂ ಹೋಗಿ ನೋಡಿದರು. ಅವರಿಗೆ ಚೀಟಿ ಬೇಕಾಗಿರಲಿಲ್ಲ, ಅವೆಲ್ಲ ಅವರ ಕೈಯಲ್ಲೇ ಬೆಳಕು ಕಂಡಂಥವು. ಹನ್ನೆರಡೂ ನೋಡಿ ಮುಗಿಸಿ ನಮ್ಮ ಕಡೆ ತಿರುಗಿದರು.

"ವಿಂಗಡಣೆಯಲ್ಲಿ ಒಂದೂ ತಪ್ಪಿಲ್ಲ" ಎಂದರು. "ನಮ್ಮಲ್ಲಿ ಹೊಸದಾಗಿ ಸೇರಿದವರು ಇದನ್ನು ಮಾಡೋಕೆ ಒದ್ದಾಡ್ತಾರೆ. ಆದರೆ ಮರಿ ತಪ್ಪು. ತಾಯಿ ಎರಡು ಕಾಲಿನದಾದರೆ ಮರಿ ನಾಲ್ಕು ಕಾಲಿನದು ಹೇಗೆ ಆಗುತ್ತೆ? ಮುಂಗಾಲು ಉದ್ದ ಇದೆ, ನಾನೂ ಅಳೆದಿದ್ದೀನಿ. ಎಳೆ ಪ್ರಾಣಿಗಳ ಅಳತೆ ಸ್ವಲ್ಪ ವಕ್ರವಾಗೇ ಇರುತ್ತೆ, ಅಷ್ಟೆ."

ನಾನು ಸಾಬರ ಕಡೆ ನೋಡಿದೆ. ಅ‌ವರು ಮುಂದೆ ಬಂದು ಮೆಲ್ಲಗೆ ಹೇಳಿದರು: "ಉದ್ದ ಬಿಡಿ ಸ್ವಾಮಿ. ದಪ್ಪ ನೋಡಿ. ಭಾರ ಹೊರದ ಕಾಲು ದಪ್ಪ ಆಗಲ್ಲ. ಹುಟ್ಟಿನಿಂದ ಒಂದು ಕಾಲು ಊರದ ಕರು ನೋಡಿದ್ದೀನಿ, ಆ ಕಾಲು ಕಡ್ಡಿ ಹಾಗೇ ಉಳೀತದೆ."

ಶ್ರೀಪಾದ ಚೀಲದಿಂದ ಅಳತೆಯ ಸಾಧನ ತೆಗೆದು ಮರಿಯ ತೋಳು, ತೊಡೆಗಳ ಸುತ್ತಳತೆ ಹಿಡಿದರು. ಮತ್ತೊಮ್ಮೆ ಹಿಡಿದರು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. "ಇರಬಹುದು" ಎಂದರು. "ಆದರೆ ಯಾಕೆ? ಬೆಳೀತಾ ಬೆಳೀತಾ ಎದ್ದು ನಿಲ್ಲೋಕೆ ಏನು ಕಾರಣ?"

ಪಿಳ್ಳಪ್ಪ ಅವರನ್ನು ಅಂಗಳಕ್ಕೆ ಕರೆದುಕೊಂಡು ಹೋದ. ಗಾಡಿಯ ನೊಗವನ್ನು ತಾನು ಕೈಯಲ್ಲಿ ಎತ್ತಿ ಹಿಡಿದು, "ಅತ್ತಿ ಸ್ವಾಮಿ" ಎಂದ. ಕಲ್ಕತ್ತೆಯ ವಿದ್ವಾಂಸರು ಗಾಡಿ ಹತ್ತಿದರು. "ಮುಂದಕ್ಕೆ ಬನ್ನಿ. ನೋಡಿ, ನನ್ನ ಕೈಗೆ ಭಾರ ಬಿತ್ತು. ಇದು ಮರಿ. ಈಗ ಇಂದಕ್ಕೆ ಓಗಿ. ಇನ್ನೂ ಒಂಚೂರು. ಸಾಕು." ನೊಗದ ಕೆಳಗಿಂದ ಕೈ ತೆಗೆದ. ಗಾಡಿ ಎರಡೇ ಗಾಲಿಯ ಮೇಲೆ, ಯಾರ ಆಸರೆಯೂ ಇಲ್ಲದೆ ನಿಂತಿತು. "ಇದು ತಾಯಿ" ಎಂದ.

ಶ್ರೀಪಾದ ಗಾಡಿಯ ಮೇಲೆ ಅಲ್ಲಾಡದೆ ನಿಂತಿದ್ದರು. ಅಲ್ಲಾಡಿದರೆ ಬೀಳುವ ಭಯವೂ ಇತ್ತು, ನಿಜ. ಆದರೆ ಮುಖದಲ್ಲಿ ಇದ್ದದ್ದು ಅದಲ್ಲ. ಇಳಿದು ಬಂದು ಪಿಳ್ಳಪ್ಪನ ಹೆಸರು, ಸಾಬರ ಹೆಸರು, ಇಬ್ಬರ ತಂದೆಯ ಹೆಸರು, ಊರು ಎಲ್ಲವನ್ನೂ ಕೇಳಿ ಬರೆದುಕೊಂಡರು.

"ಇದನ್ನು ಒಪ್ಪಿದೆ ಅಂತ ಇವತ್ತೇ ಹೇಳಲಾರೆ ಲಲಿತಾ" ಎಂದರು. "ಮೂಲ ಮೂಳೆಗಳನ್ನು ಮತ್ತೆ ನೋಡಬೇಕು, ಇನ್ನೂ ಮರಿಗಳು ಸಿಗಬೇಕು. ಆದರೆ ಅಲ್ಲ ಅಂತ ಹೇಳೋ ಧೈರ್ಯ ಬೆಳಗ್ಗೆ ಇತ್ತು, ಈಗ ಇಲ್ಲ. ಸೆಟ್ಟು ಇಲ್ಲೇ ಇರಲಿ. ಹೀಗೇ ಇರಲಿ. ಯಾರೂ ಕದಲಿಸಬೇಡಿ."

ನರಸಿಂಹಯ್ಯನವರು ತಾವೇ ಹೋಗಿ ಶಾಲೆಯ ಗಂಟೆ ಬಾರಿಸಿಬಿಟ್ಟರು, ಹೊತ್ತಲ್ಲದ ಹೊತ್ತಿನಲ್ಲಿ. ನಾನು ಸಾಬರ ಮುಂದೆ ಕೈ ಮುಗಿದು ನಿಂತೆ. ಮೂಗು ಮುರಿದದ್ದನ್ನು ಹೇಳಿಕೊಂಡು ಕ್ಷಮೆ ಕೇಳಲು ಬಾಯಿ ತೆರೆದೆ. "ಇರಲಿ ಬಿಡಿ ಅಮ್ಮ" ಎಂದರು ಅವರು.

ಶನಿವಾರವಾದ್ದರಿಂದ ಹನ್ನೊಂದೂವರೆಗೆ ಶಾಲೆ ಬಿಟ್ಟಿತು. ಶ್ರೀಪಾದರಿಗೆ ಹೆಡ್‌ಮಾಸ್ಟರ ಮನೆಯಲ್ಲಿ ಊಟ, ಮೂರು ಗಂಟೆಯ ಬಸ್ಸು. ಊಟಕ್ಕೆ ಇನ್ನೂ ಹೊತ್ತಿದೆ, ಒಂದಿಷ್ಟು ಬರೆದುಕೊಳ್ಳುತ್ತೇನೆ ಎಂದು ಅವರು ಶಾಲೆಯಲ್ಲೇ ಉಳಿದರು. ಸಾಬರೂ ನಾನೂ ಪಿಳ್ಳಪ್ಪನ ಖಾಲಿ ಗಾಡಿ ಹತ್ತಿ ಯಲಹಂಕದ ಕಡೆ ಹೊರಟೆವು. ರಸ್ತೆಗೆ ತಿರುಗುವಾಗ ನಾನು ಒಮ್ಮೆ ಶಾಲೆಯ ಕಡೆ ಹಿಂತಿರುಗಿ ನೋಡಿದೆ.

ಜಗಲಿಯ ಮೇಲೆ ಶ್ರೀಪಾದ ಒಬ್ಬರೇ ಇದ್ದರು. ಷೂಸು ಕಳಚಿ ಪಕ್ಕದಲ್ಲಿಟ್ಟಿದ್ದರು, ಷರಟಿನ ತೋಳು ಮಡಿಚಿದ್ದರು. ಎರಡು ಅಂಗೈ, ಎರಡು ಮೊಣಕಾಲು ನೆಲಕ್ಕೆ ಊರಿದ್ದರು. ಒಂದು ಕೈ ಎತ್ತಿ ನೋಡಿದರು, ಊರಿದರು. ಇನ್ನೊಂದು ಕೈ ಎತ್ತಿ ನೋಡಿದರು. ತಲೆಯನ್ನು ಮುಂದಕ್ಕೆ ಚಾಚಿದರು, ಹಿಂದಕ್ಕೆ ಎಳೆದುಕೊಂಡರು.

ಪಿಳ್ಳಪ್ಪನೂ ನೋಡಿದ. ಗಾಬರಿಯಿಂದ ಗಾಡಿ ನಿಲ್ಲಿಸಿದ. "ಅಯ್ಯೋ, ಕಲ್ಕತ್ತೆ ಸಾಯೇಬ್ರಿಗೆ ಏನಾಯ್ತು ಟೀಚರಮ್ಮ?"

"ಏನೂ ಆಗಿಲ್ಲ, ನೀನು ಹೊಡಿ ಪಿಳ್ಳಪ್ಪ" ಎಂದೆ. "ಅವರು ಓದ್ತಾ ಇದ್ದಾರೆ."